ಒಂಬತ್ತು ಪದರದ ಕತ್ತು

ನಮ್ಮ ಮೇಲಿನ ಮಹಡಿಯ ಅಕ್ಕ ಹನ್ನೊಂದು ವರ್ಷ ಗಾರ್ಮೆಂಟ್ಸ್‌ಗೆ ಹೋದವರು. ಅಷ್ಟು ವರ್ಷಗಳಲ್ಲಿ ಲಕ್ಷಗಟ್ಟಲೆ ಟಿ-ಷರ್ಟುಗಳು ಅವರ ಕೈ ದಾಟಿ ಹೋಗಿವೆ. ಆದರೆ ಒಂದನ್ನೂ ಅವರು ಪೂರ್ತಿಯಾಗಿ ಹೊಲಿದಿರಲಿಲ್ಲ. ಅವರದು ಕತ್ತಿನ ರಿಬ್ ಪಟ್ಟಿ ಕೂರಿಸುವ ಕೆಲಸ. ಭುಜ ಕೂಡಿಸುವವರು ಹಿಂದಿನ ಮಷೀನಿನಲ್ಲಿ, ತೋಳು ಹಚ್ಚುವವರು ಮುಂದಿನ ಮಷೀನಿನಲ್ಲಿ; ನಡುವೆ ಇವರು ದಿನವಿಡೀ ಕತ್ತು, ಕತ್ತು, ಕತ್ತು. ಕೆಲಸ ಬಿಟ್ಟ ಮೇಲೆ ಪಿಎಫ್ ದುಡ್ಡಿನಲ್ಲಿ ಒಂದು ಜಿಗ್‌ಜಾಗ್ ಮಷೀನು ಕೊಂಡರು. (ಆ ಪಿಎಫ್ ದುಡ್ಡಿಗೂ ಒಂದು ಕಥೆಯಿದೆ: ಅದನ್ನು ತೆಗೆಯುವ ನಿಯಮ ಬದಲಾಯಿಸಲು ಕೇಂದ್ರ ಸರ್ಕಾರ ಹೊರಟಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದರು, ಸರ್ಕಾರ ಹಿಂದೆ ಸರಿಯಿತು.) ಈಗ ಅಕ್ಕ ಕೆ.ಜಿ. ಲೆಕ್ಕದಲ್ಲಿ ಸಿಗುವ ತಿರುಪ್ಪೂರಿನ ಹೊಸೈರಿ ತುಂಡುಗಳನ್ನು ತಂದು ಮಕ್ಕಳ ಟಿ-ಷರ್ಟು, ಲೆಗ್ಗಿಂಗ್ಸು, ಕೂಸಿನ ಟೋಪಿ ಹೊಲಿಯುತ್ತಾರೆ. ಕಾರ್ಖಾನೆಯಲ್ಲಿ ಮೂರು ನಾಲ್ಕು ಬಗೆಯ ಮಷೀನು ಹಂಚಿಕೊಳ್ಳುವ ಕೆಲಸವನ್ನು ಅಡುಗೆಮನೆ ಬಾಗಿಲ ಪಕ್ಕದ ಒಂದೇ ಮಷೀನಿನಲ್ಲಿ ಮುಗಿಸುತ್ತಾರೆ.

ನಾನು ಅವರ ಬಳಿ ಹೋದದ್ದು ಸೋತ ಮೇಲೆ. ಅಮ್ಮನ ಕಾಲದ ಕಪ್ಪು ಕಾಲ್ಮಷೀನಿನಲ್ಲಿ ಮಗನಿಗೊಂದು ಟಿ-ಷರ್ಟು ಹೊಲಿಯಲು ಕೂತಿದ್ದೆ. ದಿಂಬಿನ ಕವರು, ಲಂಗ, ರವಿಕೆಗೆ ಅಸ್ತರು ಎಲ್ಲ ಅದರಲ್ಲೇ ಹೊಲಿದವಳು ನಾನು, ಇದೇನು ಮಹಾ ಎಂದುಕೊಂಡಿದ್ದೆ. ಮುಗಿಸಿ ನೋಡಿದರೆ ಕತ್ತು ಕರಿದ ಹಪ್ಪಳದಂತೆ ಅಲೆ ಅಲೆಯಾಗಿ ನಿಂತಿತ್ತು. ಹೊಲಿಗೆ ಮೂರು ಟಾಕಿಗೊಮ್ಮೆ ಬಿಟ್ಟುಹೋಗಿತ್ತು. ಬಿಡದೆ ಬಿದ್ದಿದ್ದ ಭಾಗವೂ ಮಗು ತಲೆ ತೂರಿಸಿದ ಕೂಡಲೇ ಪಟಪಟನೆ ಹರಿಯಿತು. ಅಕ್ಕ ಅದನ್ನು ತಿರುಗಿಸಿ ನೋಡಿ ನಗಲಿಲ್ಲ. "ಸೂಜಿ ಯಾವ್ದು ಹಾಕಿದ್ರಿ?" ಅಂದರು.

ಸೂಜಿಯ ವಿಷಯಕ್ಕೆ ಬರುವ ಮೊದಲು ಬಟ್ಟೆಯ ಜಾತಕ ನೋಡಬೇಕು. ಪಂಚೆ, ಸೀರೆ, ಷರ್ಟಿನ ಪಾಪ್ಲಿನ್ ಎಲ್ಲ ನೇಯ್ದ ಬಟ್ಟೆ. ಹಾಸು ಹೊಕ್ಕಿನ ನೂಲುಗಳು ಒಂದರ ಮೇಲೊಂದು ಹಾದು ಬಿಗಿಯಾಗಿ ಕೂತಿರುತ್ತವೆ, ಎಳೆದರೆ ಜಗ್ಗುವುದಿಲ್ಲ. ಬನಿಯನ್ ಬಟ್ಟೆ ಹೆಣೆದದ್ದು. ಸ್ವೆಟರಿನಲ್ಲಿ ಕಣ್ಣಿಗೆ ಕಾಣುವ ಕುಣಿಕೆಗಳೇ ಇಲ್ಲಿ ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿರುತ್ತವೆ. ಎಳೆದಾಗ ಉದ್ದವಾಗುವುದು ನೂಲಲ್ಲ, ಕುಣಿಕೆಯ ಆಕಾರ: ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ, ಬಿಟ್ಟರೆ ಮತ್ತೆ ದುಂಡಾಗುತ್ತದೆ. ಅದೂ ಸಾಲದೆಂದು ಈಗಿನ ಎಷ್ಟೋ ಬಟ್ಟೆಗಳಲ್ಲಿ ನೂರಕ್ಕೆ ಐದರಷ್ಟು ಲೈಕ್ರಾ ಸೇರಿರುತ್ತದೆ. ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ತಯಾರಿಸಿದ ಈ ಎಳೆ ತನ್ನ ಉದ್ದದ ಐದು ಪಟ್ಟು ಜಗ್ಗಿ ವಾಪಸು ಬರಬಲ್ಲದು.

ತಮಾಷೆಯೆಂದರೆ, ಯಂತ್ರದಲ್ಲಿ ಹೆಣೆಯುವುದು ಯಂತ್ರದಲ್ಲಿ ಹೊಲಿಯುವುದಕ್ಕಿಂತ ಎಷ್ಟೋ ಹಳೆಯ ವಿದ್ಯೆ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಎಲಿಯಾಸ್ ಹೋವ್ ಮೇಲಿನ ದಾರ, ಕೆಳಗಿನ ದಾರ ಕೂಡಿಸಿ ಬೀಗದಂತೆ ಹೊಲಿಯುವ ಮಷೀನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. ನಡುವೆ ಎರಡೂವರೆ ಶತಮಾನ. ಆದರೂ ನಮ್ಮ ಮನೆಯ ಕಪ್ಪು ಮಷೀನು ನೇಯ್ದ ಬಟ್ಟೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಜಗ್ಗುವ ಬಟ್ಟೆಯನ್ನು ಅದರ ಬಾಯಿಗಿಟ್ಟರೆ ಅದಕ್ಕೆ ಗಾಬರಿಯಾಗುವುದು ಸಹಜ.

ಎಲ್ಲಿ ಗಾಬರಿಯಾಗುತ್ತದೆ ಎಂಬುದನ್ನು ಅಕ್ಕ ಬಾಬಿನ್ ಮುಚ್ಚಳ ತೆಗೆದು ತೋರಿಸಿದರು. ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ಸೂಜಿ ಪೂರಾ ಕೆಳಗಿಳಿದು ಮೇಲೇಳತೊಡಗಿತು. ಹತ್ತಿರ ಎರಡು ಮಿಲಿಮೀಟರ್ ಎದ್ದಾಗ, ಬಟ್ಟೆ ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ದಾರ ಸೂಜಿಯ ಜೊತೆ ಏರಲಾಗದೆ ಅದರ ಬೆನ್ನ ಹಿಂದೆ ಪುಟ್ಟ ಕುಣಿಕೆಯಾಗಿ ಉಬ್ಬಿತು. ಅದೇ ಗಳಿಗೆಗೆ ಶಟಲ್ಲಿನ ಮೂತಿ ಬಂದು ಆ ಕುಣಿಕೆಯೊಳಗೆ ತೂರಿ ಅದನ್ನು ಬಾಬಿನ್ನಿನ ಸುತ್ತ ದಾಟಿಸಿತು. ಹೊಲಿಗೆಯೆಂದರೆ ಇಷ್ಟೇ. ಜಗ್ಗುವ ಬಟ್ಟೆ ಮಾತ್ರ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆದ್ದುಬಿಡುತ್ತದೆ. ಬಟ್ಟೆಯೂ ದಾರವೂ ಒಟ್ಟಿಗೇ ಎದ್ದರೆ ಉಬ್ಬುವುದಕ್ಕೆ ದಾರ ಉಳಿಯುವುದಿಲ್ಲ; ಶಟಲ್ಲಿನ ಮೂತಿ ಬರಿಗೈಯಲ್ಲಿ ಸುತ್ತಿ ಹೋಗುತ್ತದೆ. ಒಂದು ಟಾಕಿ ಬಿಟ್ಟಿತು. ಪದರ ಹೆಚ್ಚಾದಷ್ಟೂ ಸೂಜಿಯನ್ನು ಉಜ್ಜುವ ಬಟ್ಟೆ ಹೆಚ್ಚು, ಅಂಟು ಹೆಚ್ಚು, ಬಿಡುವ ಟಾಕಿಯೂ ಹೆಚ್ಚು. ಇದು ಗೊತ್ತಿಲ್ಲದೆ ನಾನು ಎರಡು ಗಂಟೆ, ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪನ್ನು ಹಿಂಸಿಸಿದ್ದೆ.

"ಸೂಜಿ ಬಟ್ಟೇನ ಚುಚ್ಚಬಾರ್ದು ಕಣ್ರೀ, ದಾರಿ ಕೇಳ್ಕೊಂಡು ಹೋಗ್ಬೇಕು" ಎಂದು ಅಕ್ಕ ಪುಟ್ಟ ಡಬ್ಬಿಯಿಂದ ಬೇರೆ ಸೂಜಿ ತೆಗೆದರು. ಬಾಲ್ ಪಾಯಿಂಟ್ ಸೂಜಿ. ಮಾಮೂಲು ಸೂಜಿಯ ತುದಿ ಮುಳ್ಳಿನಂತೆ ಚೂಪು. ಇದರದ್ದು ಕಂಡೂ ಕಾಣದಂತೆ ದುಂಡಗಿದೆ. ಚೂಪು ತುದಿ ಕುಣಿಕೆಯ ನೂಲನ್ನೇ ಸೀಳುತ್ತದೆ. ಸೀಳಿದ ಕುಣಿಕೆ ಒಗೆತಕ್ಕೊಂದು ಹೆಜ್ಜೆ ಬಿಚ್ಚಿಕೊಳ್ಳುತ್ತಾ ಆ ಜಾಗದಲ್ಲಿ ತೂತಿನ ಸಾಲು ಮೂಡುತ್ತದೆ. ದುಂಡು ತುದಿ ನೂಲುಗಳನ್ನು ಆಚೆ ಈಚೆ ಸರಿಸಿ ಸಂದಿನಲ್ಲಿ ಇಳಿಯುತ್ತದೆ. ಲೈಕ್ರಾ ಹೆಚ್ಚಿರುವ ಬಟ್ಟೆಗೆ ಇನ್ನೊಂದು ಜಾತಿ ಇದೆ, ಸ್ಟ್ರೆಚ್ ಸೂಜಿ. ಅದರ ಬೆನ್ನಿನ ಕೊರಕಲು ಆಳವಾಗಿದ್ದು ಶಟಲ್ಲಿಗೆ ದಾರ ಸುಲಭವಾಗಿ ಸಿಗುತ್ತದೆ. ಪೊಟ್ಟಣದ ಮೇಲೆ 75/11, 90/14 ಎಂದು ಬರೆದಿರುವುದು ದಪ್ಪದ ಲೆಕ್ಕ: 90 ಎಂದರೆ ಸೂಜಿಯ ಕಡ್ಡಿ 0.9 ಮಿ.ಮೀ. ದಪ್ಪ. ಒಂದೆರಡು ಪದರಕ್ಕೆ 11 ಸಾಕು, ಪದರ ಏರಿದರೆ 14. ನನ್ನ ಮಷೀನಿನಲ್ಲಿ ಇದ್ದದ್ದು ಯಾವ ಕಾಲದ್ದೋ 16 ನಂಬರಿನ ಸೂಜಿ. ಹಳೆ ಜೀನ್ಸಿನ ಕಾಲು ಮಡಿಚಿದ ಮೇಲೆ ಅದನ್ನು ಯಾರೂ ಬದಲಿಸಿರಲಿಲ್ಲ.

ಸೂಜಿ ಹಾಕಿ ಮೊದಲು ಹೊಲಿಯುವುದು ಯಾವತ್ತೂ ಚಿಂದಿಯ ಮೇಲೆ. ಇದಕ್ಕೆ ಎರಡು ಕಾರಣ. ಒಂದು, ಜಿಗ್‌ಜಾಗ್ ಮಷೀನಿನ ತಗಡಿನ ತೂತು ಅಗಲವಾಗಿರುವುದರಿಂದ ಮೆದು ಬಟ್ಟೆಯ ಮೂಲೆಯನ್ನು ಸೂಜಿ ತೂತಿನೊಳಕ್ಕೆ ನೂಕಿ, ಮಷೀನು ಬಟ್ಟೆಯನ್ನು ನುಂಗಿಬಿಡುತ್ತದೆ. ಚಿಂದಿಯ ಮೇಲೆ ಶುರುಮಾಡಿ, ನಿಲ್ಲಿಸದೆ ಅದರ ಬೆನ್ನಿಗೇ ಬಟ್ಟೆಯ ಅಂಚನ್ನು ಹತ್ತಿಸಿದರೆ ನುಂಗುವುದಕ್ಕೆ ಮೂಲೆ ಸಿಗುವುದಿಲ್ಲ. ಇನ್ನೊಂದು, ಆ ಚಿಂದಿಯೇ ಪರೀಕ್ಷೆ. ಅಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಎಳೆಯುತ್ತಾರೆ. ಟಿಕ್ ಎಂದರೆ ಎಲ್ಲೋ ದಾರ ಹರಿಯಿತು. ಮತ್ತೆ ಟೆನ್ಷನ್ ಸಡಿಲಿಸಬೇಕು.

ಹಾಗೆ ಎಳೆದರೂ ಹರಿಯದಿರುವುದು ಜಿಗ್‌ಜಾಗಿನ ಗುಟ್ಟು. ನೇರ ಹೊಲಿಗೆಯಲ್ಲಿ ದಾರ ಬಟ್ಟೆಯಷ್ಟೇ ಉದ್ದ. ಬಟ್ಟೆ ಜಗ್ಗಿತು, ದಾರ ಜಗ್ಗಲಿಲ್ಲ, ಪಟ್. ಅಂಕುಡೊಂಕಾಗಿ ಹೋದರೆ ಅಷ್ಟೇ ದೂರಕ್ಕೆ ದಾರ ಹೆಚ್ಚು ಬೇಕು. ಲೆಕ್ಕ ಹೈಸ್ಕೂಲಿನದು: ಮುಂದಕ್ಕೆ ಎರಡು ಮಿ.ಮೀ., ಅಡ್ಡಕ್ಕೆ ಎರಡು ಮಿ.ಮೀ. ಇಟ್ಟರೆ ಸೂಜಿ ನಡೆಯುವುದು ಕರ್ಣದ ಮೇಲೆ, 2.8 ಮಿ.ಮೀ. ಎಂದರೆ ಬಟ್ಟೆಯ ಉದ್ದಕ್ಕಿಂತ ನೂರಕ್ಕೆ ನಲವತ್ತರಷ್ಟು ದಾರ ಹೊಲಿಗೆಯೊಳಗೇ ಉಳಿತಾಯ ಖಾತೆಯಲ್ಲಿರುತ್ತದೆ. ತಲೆ ತೂರುವಾಗ ಖರ್ಚು, ಆಮೇಲೆ ಮತ್ತೆ ಜಮಾ. ಅಂಥ ಅಗಲ ಜಿಗ್‌ಜಾಗ್ ಅಂಚು ಕಟ್ಟಲು ಸರಿ, ಜೋಡಿಸುವ ಜಾಗದಲ್ಲಿ ಬಾಯಿ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಅಕ್ಕ ಜೋಡಣೆಗೆ ಅಡ್ಡ ಒಂದು, ಉದ್ದ ಎರಡೂವರೆಯ ಸುತ್ತ ಇಡುತ್ತಾರೆ. ನೋಡಿದರೆ ನೇರ ಹೊಲಿಗೆಯೇ ಸ್ವಲ್ಪ ನಡುಗಿದ ಹಾಗಿರುತ್ತದೆ. ಕರ್ಣದ ಲೆಕ್ಕಕ್ಕೆ ಇದರಲ್ಲಿ ಸಿಗುವ ಉಳಿತಾಯ ಕಡಿಮೆ, ಸಡಿಲ ಟೆನ್ಷನ್ನು ಉಳಿದದ್ದನ್ನು ತುಂಬಿಕೊಡುತ್ತದೆ. ದಾರ ಪಾಲಿಯೆಸ್ಟರಿನದೇ ಆಗಬೇಕು. ಹತ್ತಿ ದಾರಕ್ಕೆ ಅಷ್ಟು ತಾಳ್ಮೆಯಿಲ್ಲ.

ಇನ್ನು ಹಲ್ಲಿನ ವಿಷಯ. ಬಟ್ಟೆಯನ್ನು ಮುಂದೂಡುವ ಹಲ್ಲುಗಳಿರುವುದು ಕೆಳಗೆ ಮಾತ್ರ. ಮೇಲೆ ಅದುಮಿ ಹಿಡಿಯುವ ಪಾದ ಬರೀ ನುಣ್ಣನೆಯ ಲೋಹ. ಎರಡು ಪದರ ಇಟ್ಟರೆ ಕೆಳಗಿನದು ಹಲ್ಲಿನ ಜೊತೆ ಹೊರಡುತ್ತದೆ, ಮೇಲಿನದು ಪಾದಕ್ಕೆ ಒತ್ತಿಕೊಂಡು ತಡಮಾಡುತ್ತದೆ. ಪಾಪ್ಲಿನ್‌ನಲ್ಲಿ ಈ ಜಗಳ ಗೊತ್ತೇ ಆಗುವುದಿಲ್ಲ. ಬನಿಯನ್ ಬಟ್ಟೆಯಲ್ಲಿ ಪಾದ ಲಟ್ಟಣಿಗೆಯಂತೆ ಕೆಲಸ ಮಾಡುತ್ತದೆ: ಚಪಾತಿ ಹಿಟ್ಟಿನ ಹಾಗೆ ಮೇಲಿನ ಪದರವನ್ನು ಮುಂದಕ್ಕೆ ಲಟ್ಟಿಸಿಕೊಂಡು ಹೋಗಿ, ಕೊನೆಯಲ್ಲಿ ಒಂದು ಬೆರಳು ಹೆಚ್ಚು ಉಳಿಸುತ್ತದೆ. ನನ್ನ ಹಪ್ಪಳದ ಮೂಲ ಇದು. ಹೆಚ್ಚಿನ ಮಷೀನುಗಳ ತಲೆಯ ಮೇಲೆ, ಪಾದದ ಕಂಬಿಯ ನೆತ್ತಿಯಲ್ಲಿ, ಒಂದು ತಿರುಪಿರುತ್ತದೆ. ವರ್ಷಾನುಗಟ್ಟಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಅದನ್ನು ಸಡಿಲಿಸಿದರೆ ಪಾದದ ಒತ್ತಡ ಇಳಿಯುತ್ತದೆ. ಅಷ್ಟರಲ್ಲೇ ಅರ್ಧ ರೋಗ ವಾಸಿ. ಮೇಲೂ ಹಲ್ಲಿರುವ ವಾಕಿಂಗ್ ಫುಟ್ ಎಂಬ ದೊಡ್ಡ ಪಾದವೂ ಸಿಗುತ್ತದೆ. ಎರಡು ಪದರವನ್ನೂ ಒಟ್ಟಿಗೆ ನಡೆಸುತ್ತದೆ. ಅಕ್ಕನ ಬಳಿ ಒಂದಿದೆ, ಕತ್ತಿಗೆ ಬಳಸುವುದಿಲ್ಲ. ಅಷ್ಟು ದಪ್ಪ ಪಾದ ಪುಟ್ಟ ಸುತ್ತಿನಲ್ಲಿ ತಿರುಗುವುದಿಲ್ಲವಂತೆ.

ಈಗ ಕತ್ತು. ನಾನು ಇಡೀ ಮಧ್ಯಾಹ್ನ ಕೂತು ನೋಡಿದ್ದು ಇದನ್ನೇ.

ಹಿಂದಿನ ದಿನವೇ ಬಟ್ಟೆ ನೆನೆಸಿ ಒಣಗಿಸಿಟ್ಟಿದ್ದರು. ಹತ್ತಿ ಹೊಸೈರಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆ ಕುಗ್ಗುವಿಕೆ ಹೊಲಿಯುವ ಮುಂಚೆಯೇ ಮುಗಿದುಹೋಗಲಿ ಎಂದು. ಸೀದಾ ಕಡೆ ಯಾವುದು, ಉಲ್ಟಾ ಯಾವುದು ಎಂದು ಕಣ್ಣಿಟ್ಟು ಹುಡುಕಲಿಲ್ಲ. ಅಡ್ಡಕ್ಕೆ ಕತ್ತರಿಸಿದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು, ಅಂಚು ಸುರುಳಿ ಸುತ್ತಿಕೊಂಡಿತು. ಸುತ್ತಿಕೊಂಡ ಕಡೆಯೇ ಸೀದಾ. ಸಾದಾ ಬನಿಯನ್ ಬಟ್ಟೆ ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಸುರುಳಿಯಾಗುವ ಅಂಚನ್ನು ತಣಿಸುವುದಕ್ಕೆ ಅವರ ಬಳಿ ಇರುವುದು ಅಕ್ಕಿ ಗಂಜಿ. ತಿಳಿಯನ್ನು ಬೆರಳಲ್ಲಿ ಅಂಚಿಗಷ್ಟೇ ಸವರಿ, ಆರಿದ ಮೇಲೆ ಇಸ್ತ್ರಿ ಆಡಿಸಿದರೆ ಅಂಚು ಕಾಗದದಂತೆ ನಿಲ್ಲುತ್ತದೆ. ಹೊಲಿದು ಒಗೆದರೆ ಗಂಜಿ ಹೋಯಿತು. ಹತ್ತಿ ಸೀರೆಗೆ ಗಂಜಿ ಹಾಕುವುದು ನಮ್ಮ ಮನೆಗಳಲ್ಲಿ ಹೆಚ್ಚುಕಮ್ಮಿ ನಿಂತೇಹೋಗಿದೆ. ಈ ಮನೆಯಲ್ಲಿ ಅದಕ್ಕೆ ಬೇರೆ ಕೆಲಸ ಸಿಕ್ಕಿದೆ.

ಅಂಗಿಯ ಕತ್ತಿನ ಸುತ್ತಳತೆ ಟೇಪಿನಲ್ಲಿ 46 ಸೆಂಟಿಮೀಟರ್ ಬಂತು. ರಿಬ್ ಪಟ್ಟಿ ಕತ್ತರಿಸಿದ್ದು 39ಕ್ಕೆ, ಮೇಲೆ ಜೋಡಣೆಗೆ ಎರಡು. ಪಟ್ಟಿ ಕತ್ತಿಗಿಂತ ಚಿಕ್ಕದಿರಬೇಕು, ನೂರಕ್ಕೆ ಎಂಬತ್ತೈದರಷ್ಟು. ಎಳೆದು ಕೂರಿಸಿದಾಗ ಮಾತ್ರ ಅದು ಒಳಕ್ಕೆ ಬಾಗಿ ಕತ್ತನ್ನು ಅಪ್ಪಿಕೊಳ್ಳುತ್ತದೆ. ಸಮವಿದ್ದರೆ ಜೋತು ಬೀಳುತ್ತದೆ. ಪಟ್ಟಿಯ ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ, ಉದ್ದಕ್ಕೆ ಮಡಿಚಿದರು. ಈಗ ಎಣಿಸಿ. ಪಟ್ಟಿ ಎರಡು ಪದರ, ಅಂಗಿ ಒಂದು, ಒಟ್ಟು ಮೂರು. ಭುಜದ ಹೊಲಿಗೆ ಬರುವಲ್ಲಿ ಅದರ ಒಳ ಅಂಚುಗಳು ಒಂದೇ ಕಡೆ ಮಲಗಿರುತ್ತವೆ. ಅಂಗಿಯ ಪದರ ಅಲ್ಲಿ ಮೂರಾಗುತ್ತದೆ. ಪಟ್ಟಿಯ ಜೋಡಣೆಯಲ್ಲೂ ಹಾಗೇ ಮೂರು, ಮಡಿಚಿದ್ದರಿಂದ ಆರು. ಈ ಎರಡು ಗಂಟು ಒಂದರ ಮೇಲೊಂದು ಬಿದ್ದರೆ ಸೂಜಿಯ ಕೆಳಗೆ ಒಂಬತ್ತು ಪದರ. ಪಕ್ಕದಲ್ಲೇ ಮೂರು. ಸೂಜಿ ಬಾಗುವುದು, ಟಾಕಿ ಬಿಡುವುದು, ಮಷೀನು ಗುರ್ ಎಂದು ಮುಷ್ಕರ ಹೂಡುವುದು ಎಲ್ಲ ಅಲ್ಲೇ.

ಅಕ್ಕ ಮೊದಲು ಮಾಡುವುದು ಆ ಒಂಬತ್ತನ್ನು ಒಡೆಯುವ ಕೆಲಸ. ಪಟ್ಟಿಯ ಜೋಡಣೆಯನ್ನು ಭುಜದ ಮೇಲೆ ತರುವುದೇ ಇಲ್ಲ, ಭುಜದಿಂದ ಎರಡು ಬೆರಳು ಹಿಂದಕ್ಕೆ ಸರಿಸುತ್ತಾರೆ. ಜೋಡಣೆಯ ಅಂಚುಗಳನ್ನು ಉಗುರಿನಿಂದ ಆಚೆಗೊಂದು ಈಚೆಗೊಂದು ಬಿಡಿಸುತ್ತಾರೆ, ಆರಿದ್ದದ್ದು ನಾಲ್ಕಾಯಿತು. ಭುಜದ ಒಳ ಅಂಚುಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ ಗಿಡ್ಡವಾಗಿ ಕತ್ತರಿಸುತ್ತಾರೆ. ದಪ್ಪ ಒಮ್ಮೆಲೇ ಗೋಡೆಯಂತೆ ಎದುರಾಗದೆ ಮೆಟ್ಟಿಲಂತೆ ಏರಲಿ ಎಂದು. ಹೀಗೆ ಕತ್ತಿನ ಸುತ್ತ ಎಲ್ಲೂ ಐದು ಪದರ ದಾಟುವುದಿಲ್ಲ. ಕಾರ್ಖಾನೆಯ ಓವರ್‌ಲಾಕ್ ಮಷೀನಿಗೆ ಇಷ್ಟು ಸೂಕ್ಷ್ಮ ಬೇಕಿಲ್ಲ. ಅದು ಹೊಲಿಯುತ್ತಲೇ ಅಂಚು ಕತ್ತರಿಸಿ ಎಸೆಯುತ್ತದೆ, ಮೂರು ನಾಲ್ಕು ದಾರ ಹೆಣೆದು ಬಟ್ಟೆಯ ಹಾಗೆಯೇ ಜಗ್ಗುವ ಹೊಲಿಗೆ ಹಾಕುತ್ತದೆ.

ಆಮೇಲೆ ಕತ್ತನ್ನೂ ಪಟ್ಟಿಯನ್ನೂ ನಾಲ್ಕು ಪಾಲು ಮಾಡಿ ಗುರುತಿಗೆ ಗುರುತು ಸೇರಿಸಿ ಕ್ಲಿಪ್ಪು ಸಿಕ್ಕಿಸಿದರು. ಗುಂಡುಪಿನ್ನು ಕುಣಿಕೆಯನ್ನು ಹರಿಯುತ್ತದೆ; ಕೂಸಿನ ಬಟ್ಟೆಗೆ ಹಾಕುವ ಸಣ್ಣ ಕ್ಲಿಪ್ಪೇ ಸಾಕು. ಪಟ್ಟಿ ಮೇಲೆ, ಅಂಗಿ ಕೆಳಗೆ ಹಲ್ಲಿನ ಮೇಲೆ. ಉದ್ದವಿರುವ ಪದರ ಹಲ್ಲಿನ ಕಡೆಗಿದ್ದರೆ ಹೆಚ್ಚಿನ ಬಟ್ಟೆಯನ್ನು ಹಲ್ಲೇ ತಿಂದುಕೊಳ್ಳುತ್ತದೆ. ಬಲಗೈ ಮುಂದಿನ ಕ್ಲಿಪ್ಪು ಹಿಡಿದು, ಪಟ್ಟಿ ಅಂಗಿಯಷ್ಟೇ ಉದ್ದವಾಗುವವರೆಗೆ ಮಾತ್ರ ಎಳೆಯಿತು. ಕೂದಲೆಳೆಯಷ್ಟೂ ಹೆಚ್ಚಲ್ಲ. ಎಡಗೈ ಪಾದದ ಹಿಂದೆ ಬಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಪಟ್ಟಿ ಜಗ್ಗಬೇಕು, ಅಂಗಿ ಜಗ್ಗಬಾರದು. ಎರಡೂ ಒಂದೇ ಕೈಯಲ್ಲಿವೆ. ಆ ಕೈಯ ಹೆಬ್ಬೆರಳು ಎಳೆಯುತ್ತಿದೆ, ತೋರುಬೆರಳು ಕೆಳಗಿನ ಬಟ್ಟೆಯನ್ನು ಹಲ್ಲಿನತ್ತ ನೂಕಿಕೊಡುತ್ತಿದೆ. ನಾನು ಮೂರು ಸಲ ನೋಡಿದ ಮೇಲೆ ಇದು ಕಣ್ಣಿಗೆ ಬಿತ್ತು. ಅಕ್ಕನಿಗೆ ತಾನು ಹಾಗೆ ಮಾಡುತ್ತಿದ್ದೇನೆಂದೇ ಗೊತ್ತಿರಲಿಲ್ಲ. "ಹೌದಾ?" ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಹನ್ನೊಂದು ವರ್ಷದ ಸಂಬಳದ ಚೀಟಿಯಲ್ಲಿ ಈ ಎರಡು ಬೆರಳಿನ ಹೆಸರೆಲ್ಲೂ ಇರಲಿಲ್ಲ ಅನ್ನಿಸಿತು ನನಗೆ.

ಭುಜದ ಗಂಟು ಬಂದಾಗ ಪೆಡಲ್ ಬಿಟ್ಟರು. ಗಂಟು ಹತ್ತುವಾಗ ಪಾದದ ಮೂತಿ ಮೇಲೆದ್ದು, ಏರಿನಲ್ಲಿ ಸಿಕ್ಕ ಗಾಡಿಯಂತೆ ಮುಂದೆ ಹೋಗದೆ ಒಂದೇ ಜಾಗದಲ್ಲಿ ಟಾಕಿ ಗುಡ್ಡೆ ಹಾಕುತ್ತದೆ. ಅದಕ್ಕೆ ಉಳಿದ ಚಿಂದಿಯನ್ನು ನಾಲ್ಕು ಮಡಿಕೆ ಮಾಡಿ ಪಾದದ ಹಿಂಭಾಗದ ಕೆಳಗೆ ತುರುಕಿದರು. ಪಾದ ಮಟ್ಟವಾಯಿತು. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಐದಾರು ಟಾಕಿ, ಗಂಟು ದಾಟಿತು, ಮತ್ತೆ ಪೆಡಲ್.

ಹೊಲಿದ ಕತ್ತು ಆಗಲೂ ಸ್ವಲ್ಪ ಅಲೆಯಾಗಿಯೇ ಇತ್ತು. ನನ್ನ ಮುಖ ನೋಡಿ ಅಕ್ಕ, "ತಡೀರಿ, ಅದು ಇನ್ನೂ ಉಸಿರು ಬಿಟ್ಟಿಲ್ಲ" ಎಂದು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಯೂ ತಾಗದಂತೆ ಹಿಡಿದು ಹಬೆ ಬಿಟ್ಟರು. ಕುಣಿಕೆಗಳು ತಮ್ಮ ತಮ್ಮ ಜಾಗಕ್ಕೆ ಸರಿದವು. ನೋಡನೋಡುತ್ತಲೇ ಕತ್ತು ಮಟ್ಟಸವಾಯಿತು. ಹತ್ತಿಗೆ ಇದು ಸರಿ. ಲೈಕ್ರಾಕ್ಕೆ ಹೆಚ್ಚು ಬಿಸಿ ತಾಗಿದರೆ ಅದರ ಜಗ್ಗುವ ಗುಣವೇ ಸತ್ತುಹೋಗುತ್ತದೆ.

ಕೆಳ ಅಂಚಿಗೆ ಜೋಡಿ ಸೂಜಿ ಹಾಕಿದರು. ಒಂದೇ ಬುಡಕ್ಕೆ ಎರಡು ಸೂಜಿ. ಮೇಲೆ ಎರಡು ನೇರ ಸಾಲು ಬೀಳುತ್ತವೆ, ಕೆಳಗೆ ಬಾಬಿನ್ ದಾರ ಅವೆರಡರ ನಡುವೆ ಅಂಕುಡೊಂಕಾಗಿ ಓಡಾಡುತ್ತದೆ. ಕಾರ್ಖಾನೆಯ ಫ್ಲಾಟ್‌ಲಾಕ್ ಮಷೀನಿನ ಹೊಲಿಗೆಗೆ ಇದು ಬಡವರ ಮನೆಯ ತಮ್ಮ. ಸುರುಳಿಯಾಗುವ ಬಟ್ಟೆಯಾದರೆ ಕೆಳಗೊಂದು ಬಟರ್ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯುತ್ತಾರೆ. ಹಲ್ಲಿಗೆ ಹಿಡಿಯಲು ಕಾಗದ ಸಿಗುತ್ತದೆ, ಬಟ್ಟೆಗೆ ಎಳೆತ ತಾಗುವುದಿಲ್ಲ. ಪತ್ರಿಕೆ ಕಾಗದ ಬೇಡ, ಮಸಿ ಹತ್ತುತ್ತದೆ.

ಜಿಗ್‌ಜಾಗ್ ಇಲ್ಲದ ನನ್ನ ಕಪ್ಪು ಮಷೀನಿನ ಗತಿಯೇನು ಎಂದು ಕೇಳಿದೆ. ಅದಕ್ಕೂ ಅಕ್ಕನ ಬಳಿ ದಾರಿಯಿತ್ತು. ಟಾಕಿ ಚಿಕ್ಕದು ಮಾಡಿ, ಎರಡು ಮಿ.ಮೀ. ಆಸುಪಾಸು. ಮೇಲಿನ ಟೆನ್ಷನ್ ಸಡಿಲಿಸಿ. ಬಾಬಿನ್ ಕೇಸನ್ನು ದಾರ ಹಿಡಿದು ತೂಗುಬಿಟ್ಟು ಒಮ್ಮೆ ಕುಲುಕಿದರೆ ಒಂದೆರಡು ಅಂಗುಲ ಜಾರಿ ನಿಲ್ಲಬೇಕು, ಜಾರದಿದ್ದರೆ ಅದರ ಪುಟಾಣಿ ತಿರುಪನ್ನು ಕೂದಲೆಳೆಯಷ್ಟು ಬಿಡಿ. ಹೊಲಿಯುವಾಗ ಪಾದದ ಹಿಂದೆಯೂ ಮುಂದೆಯೂ ಬಟ್ಟೆಯನ್ನು ಸಮನಾಗಿ, ಹಗುರವಾಗಿ ಬಿಗಿಹಿಡಿಯಿರಿ. ಜಗ್ಗಿದ ಸ್ಥಿತಿಯಲ್ಲಿ ಬಿದ್ದ ದಾರ, ಬಟ್ಟೆ ಸಡಿಲಾದಾಗ ಹೆಚ್ಚಾಗಿ ಉಳಿಯುತ್ತದೆ. ಅದೇ ನಿಮ್ಮ ಉಳಿತಾಯ. ಹಿಂದಿನಿಂದ ಮಾತ್ರ ಎಳೆದಿರೋ, ಸೂಜಿ ಬಾಗಿ ತಗಡಿಗೆ ಬಡಿದು ಮುರಿಯುತ್ತದೆ. ಕತ್ತಿಗೆ ಇದು ಸಾಲದು ಎಂಬುದು ನನ್ನ ಅನುಭವ. ಪಕ್ಕೆಗೆ, ಭುಜಕ್ಕೆ, ಪೈಜಾಮದ ಕಾಲಿಗೆ ಧಾರಾಳ ಸಾಕು.

ಈಚೆಗೆ ಅಕ್ಕ ಹಳೇ ಟಿ-ಷರ್ಟುಗಳ ಕೌದಿ ಹೊಲಿಯುತ್ತಿದ್ದಾರೆ. ಮೂರು ಪದರ, ಮೂರೂ ಜಗ್ಗುವಂಥವು, ಅದೂ ಮಂಚದಗಲ. ಇಲ್ಲಿ ವಾಕಿಂಗ್ ಫುಟ್ ಕಡ್ಡಾಯ, ಸಾಲುಗಳೆಲ್ಲ ಒಂದೇ ದಿಕ್ಕಿಗೆ, ಬಟ್ಟೆಯ ಭಾರ ಮೇಜಿನಿಂದ ಜೋತುಬೀಳದಂತೆ ಪಕ್ಕದಲ್ಲೊಂದು ಸ್ಟೂಲು. ಆದರೂ ಮೊದಲನೆಯದು ಓರೆಯಾಯಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ಎಲ್ಲ ಕೈಹೊಲಿಗೆಯಲ್ಲಿ. ಕೈಹೊಲಿಗೆಯಲ್ಲಿ ಹಲ್ಲೂ ಇಲ್ಲ, ಒತ್ತುವ ಪಾದವೂ ಇಲ್ಲ, ಪದರಗಳು ಜಗಳಾಡುವುದಿಲ್ಲ. ನಾನು ಅದನ್ನು ಹೇಳಿದ ಮೇಲೆ ಅಕ್ಕ ಎರಡನೆಯ ಕೌದಿಯ ಅಂಚನ್ನು ಮೊದಲು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ ಕಟ್ಟಿಕೊಂಡಿದ್ದಾರೆ. ಇನ್ನೂ ಮುಗಿದಿಲ್ಲ.

ನನ್ನ ಮಗನ ಟಿ-ಷರ್ಟಿನ ಹೊಸ ಕತ್ತನ್ನು ಅಕ್ಕನ ಮಷೀನಿನಲ್ಲಿ ನಾನೇ ಕೂರಿಸಿದೆ. ಹಿಂದುಗಡೆ ಒಂದು ಕಡೆ ಸಣ್ಣ ಅಲೆ ಉಳಿದಿದೆ, ಕೂದಲು ಮುಚ್ಚಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಕಪ್ಪು ಮಷೀನಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು 11 ನಂಬರಿನ ಬಾಲ್ ಪಾಯಿಂಟ್ ಸೂಜಿ ತಂದು ಹಾಕಿ, ನೆತ್ತಿಯ ತಿರುಪು ಸಡಿಲಿಸಿ, ಹಳೇ ಬನಿಯನ್ನಿನ ಎರಡು ತುಂಡು ಜೋಡಿಸಿ ನೋಡಿ.